ಸಿರಿಯಕ್ಕ ಹೊಳೆ ಅಳೆದದ್ದು

ಒಂದು ಕಾಡಿಗೆ ಒಂದೇ ಹೊಳೆ ಇತ್ತು. ಬೆಟ್ಟದ ಮೇಲೆ ಎರಡು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಅದು ನುಗ್ಗಿ ಬರುತ್ತಿತ್ತು. ಆ ಜಾಗಕ್ಕೆ ಪ್ರಾಣಿಗಳು ಕಲ್ಲುಗಂಟಲು ಎಂದು ಹೆಸರಿಟ್ಟಿದ್ದವು. ಅಲ್ಲಿಂದ ಇಳಿದ ಹೊಳೆ ಒಂದು ಹೊಳೆಮತ್ತಿ ಮರದ ಬುಡದಲ್ಲಿ ತಿರುಗಿ, ಕೇದಗೆಯ ಮೆಳೆಯೊಂದನ್ನು ದಾಟಿ, ಕೊನೆಗೆ ಆನೆಮಡು ಎಂಬ ಅಗಲವಾದ ಮಡುವನ್ನು ಸೇರುತ್ತಿತ್ತು. ನಡುವೆ ಬೇರೆ ಯಾವ ತೊರೆಯೂ ಬಂದು ಕೂಡುತ್ತಿರಲಿಲ್ಲ. ಇಡೀ ಕಾಡು ನೀರು ಕುಡಿಯುತ್ತಿದ್ದುದು ಆನೆಮಡುವಿನಲ್ಲೇ.

ಹೊಳೆಮತ್ತಿಯ ಬೇರುಗಳ ಕೆಳಗೆ ಸಿರಿಯಕ್ಕ ಎಂಬ ನೀರುನಾಯಿಯ ಬಿಲವಿತ್ತು. ಬಿಲಕ್ಕೆ ಎರಡು ಬಾಗಿಲು. ಒಂದು ದಂಡೆಯ ಮೇಲೆ, ಇನ್ನೊಂದು ನೀರಿನೊಳಗೆ. ಆ ಬೇಸಿಗೆಯಲ್ಲಿ ಬಿಲದೊಳಗೆ ಎರಡು ಮರಿಗಳಿದ್ದವು. ಅವು ಕಣ್ಣು ಬಿಟ್ಟು ಎಂಟು ದಿನವಾಗಿತ್ತು. ಈಜು ಬರುತ್ತಿರಲಿಲ್ಲ. ನಡೆಯಲು ಹೋದರೆ ನಾಲ್ಕು ಹೆಜ್ಜೆಗೆ ಮಗುಚಿ ಬೀಳುತ್ತಿದ್ದವು. ಅವುಗಳ ಅಪ್ಪ ಬೋರಣ್ಣ ಮಾಘದ ಚಳಿಯಲ್ಲಿ ಜ್ವರ ಬಂದು ತೀರಿಕೊಂಡಿದ್ದ.

ಅಂದಿನಿಂದ ಸಿರಿಯಕ್ಕ ಬಿಲ ಬಿಟ್ಟು ದೂರ ಹೋಗುತ್ತಿರಲಿಲ್ಲ. ಮರಿಗಳು ಮಲಗಿದಾಗ ನೀರಿಗಿಳಿದು ಒಂದು ಮೀನು ಹಿಡಿಯುತ್ತಿದ್ದಳು, ತಿಂದು ಒಳಗೆ ಬರುತ್ತಿದ್ದಳು. ಕೆಲವೊಮ್ಮೆ ಹಳೆಯ ಅಭ್ಯಾಸದಿಂದ ಎರಡು ಮೀನು ಹಿಡಿದುಬಿಡುತ್ತಿದ್ದಳು. ಎರಡನೆಯದನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ನೀರಿಗೇ ಬಿಡುತ್ತಿದ್ದಳು.

ಆ ವರ್ಷ ಆನೆಮಡುವಿನ ನೀರು ಇಳಿಯಿತು. ಹಿಂದಿನ ಬೇಸಿಗೆಯಲ್ಲಿ ಅದೇ ಹೊತ್ತಿಗೆ ಆನೆಮರಿಯ ಬೆನ್ನು ಮುಳುಗುವಷ್ಟು ನೀರಿತ್ತು. ಈ ಸಲ ಅದರ ಮೊಣಕಾಲು ಮುಳುಗುವುದೇ ಕಷ್ಟವಾಯಿತು. ಜಿಂಕೆಗಳು ಕೆಸರಿನಲ್ಲಿ ಕಾಲೂರಿ ಕುಡಿಯಬೇಕಾಯಿತು. ಹಂದಿಗಳಿಗೂ ಕಾಟಿಗಳಿಗೂ ದಿನಕ್ಕೊಂದು ಜಗಳ. ಕೊನೆಗೆ ಒಂದು ಬೆಳಗ್ಗೆ ಆನೆ ಹಿಂಡಿನ ಹಿರಿಯಳಾದ ದೊಡ್ಡವ್ವ ಎಲ್ಲರನ್ನೂ ಮಡುವಿನ ದಂಡೆಗೆ ಕರೆಸಿದಳು.

"ನೀರು ಎಲ್ಲಿ ಹೋಗುತ್ತಿದೆ? ಗೊತ್ತಿದ್ದವರು ಹೇಳಿ" ಎಂದಳು.

ಕೆಂಚಪ್ಪ ಎಂಬ ನರಿ ಎದ್ದು ನಿಂತ. ತಲೆ ತಗ್ಗಿಸಿ, ದನಿ ತಗ್ಗಿಸಿ ಹೇಳಿದ: "ತಪ್ಪು ತಿಳಿಯಬಾರದು ದೊಡ್ಡವ್ವ. ಹೇಳಲೋ ಬೇಡವೋ ಅಂತ ಮೂರು ದಿನದಿಂದ ನನಗೆ ನಿದ್ದೆ ಇಲ್ಲ."

"ನಿನಗೆ ಯಾವತ್ತು ನಿದ್ದೆ ಇತ್ತು?" ಎಂದ ಕಾಡುಹಂದಿ ಗುಡುಗಯ್ಯ. ಎಲ್ಲರೂ ನಕ್ಕರು. ಕೆಂಚಪ್ಪನೂ ನಕ್ಕ.

"ನಗು ಗುಡುಗಯ್ಯ, ನಗು. ಆದರೆ ಒಂದು ಮಾತು ಹೇಳು. ಕಲ್ಲುಗಂಟಲಿನಲ್ಲಿ ನೀರು ಹೇಗೆ ಬರುತ್ತದೆ?"

"ಜೋರಾಗಿ ಬರುತ್ತದೆ."

"ಇಲ್ಲಿ ಮಡುವಿನ ಬಾಯಲ್ಲಿ?"

"ಇಲ್ಲಿ ಎಲ್ಲಿಯ ಜೋರು? ತೂಕಡಿಸಿಕೊಂಡು ಬರುತ್ತದೆ."

"ಹಾಗಾದರೆ ಅಲ್ಲಿದ್ದ ಜೋರೆಲ್ಲ ಇಲ್ಲಿಗೆ ಬರುವಷ್ಟರಲ್ಲಿ ಎಲ್ಲಿ ಹೋಯಿತಪ್ಪ?" ಎಂದು ಕೆಂಚಪ್ಪ ಸುತ್ತಲೂ ನೋಡಿದ. "ನಡುವೆ ಯಾರ ಮನೆ ಇದೆ? ನೀರಿನೊಳಕ್ಕೇ ತೂತು ಕೊರೆದು ಬಾಗಿಲು ಇಟ್ಟುಕೊಂಡವರು ಯಾರು? ನಾನು ಹೆಸರು ಹೇಳುವುದಿಲ್ಲ. ಪಾಪ, ಗಂಡ ಸತ್ತವಳು."

ದಂಡೆಯಲ್ಲಿ ಗುಜುಗುಜು ಎದ್ದಿತು. ಆ ಕಾಡಿನಲ್ಲಿ ನೀರು ಹೆಚ್ಚಾದರೂ ಜೋರು ಎನ್ನುತ್ತಿದ್ದರು, ನೀರು ವೇಗವಾಗಿ ಓಡಿದರೂ ಜೋರು ಎನ್ನುತ್ತಿದ್ದರು. ಎರಡಕ್ಕೂ ಒಂದೇ ಮಾತು. ಹೀಗಾಗಿ ಕೆಂಚಪ್ಪನ ಲೆಕ್ಕ ಎಲ್ಲರಿಗೂ ಸರಿಯೆನ್ನಿಸಿತು. ಮೇಲೆ ಜೋರು, ಕೆಳಗೆ ಜೋರಿಲ್ಲ. ಹಾಗಾದರೆ ನಡುವೆ ಕಳ್ಳತನ.

"ನೀರು ಕದ್ದವರು ಈ ದಂಡೆಯಲ್ಲಿರುವುದು ನ್ಯಾಯವಲ್ಲ" ಎಂದ ಕೆಂಚಪ್ಪ, ಯಾರೂ ಕೇಳದಿದ್ದರೂ. "ಮಳೆ ಬರುವ ತನಕ ಬೋಳುಗುಡ್ಡದ ಆಚೆ ಇರಲಿ. ದೊಡ್ಡ ಶಿಕ್ಷೆಯೇನಲ್ಲ."

ಎಲ್ಲರೂ ಹೊಳೆಮತ್ತಿಯ ಬುಡಕ್ಕೆ ಬಂದರು. ಸಿರಿಯಕ್ಕ ಬಿಲದ ಬಾಯಲ್ಲೇ ನಿಂತು ಎಲ್ಲ ಕೇಳಿದಳು. ಬೋಳುಗುಡ್ಡ ಎಂದೊಡನೆ ಅವಳು ತಿರುಗಿ ಬಿಲದೊಳಗಿನ ಮರಿಗಳನ್ನು ನೋಡಿದಳು. ಅಲ್ಲಿ ಮರವಿಲ್ಲ, ನೆರಳಿಲ್ಲ, ಬರೀ ಕಾದ ಬಂಡೆ. ದಾಟಲು ಅರ್ಧ ದಿನ ಬೇಕು. ಎರಡು ಮರಿಗಳನ್ನೂ ಒಮ್ಮೆಗೇ ಬಾಯಲ್ಲಿ ಕಚ್ಚಿಕೊಂಡು ಹೋಗಲು ಆಗದು. ಒಂದನ್ನು ದಾಟಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಎರಡೂ ಉಳಿಯುವುದಿಲ್ಲ.

"ದೊಡ್ಡವ್ವ, ನನ್ನ ಬಿಲದೊಳಗೆ ಹೋದ ನೀರು ಬಿಲದಲ್ಲೇ ನಿಂತಿದೆ. ತುಂಬಿದ ಮೇಲೆ ಒಂದು ಹನಿಯೂ ಹೊಸದಾಗಿ ಒಳಗೆ ಹೋಗುವುದಿಲ್ಲ" ಎಂದಳು.

"ಹಾಗಂತ ನೀನು ಹೇಳುತ್ತೀಯ" ಎಂದ ಗುಡುಗಯ್ಯ.

"ನಾನು ಹೇಳಿದ್ದನ್ನು ನಂಬಬೇಡಿ. ನನಗೆ ಇವತ್ತಿನ ಮಧ್ಯಾಹ್ನ ಕೊಡಿ. ಹೊಳೆ ಅಳೆದು ತೋರಿಸುತ್ತೇನೆ."

"ಹೊಳೆ ಅಳೆಯುತ್ತಾಳಂತೆ! ಸೇರಿನಲ್ಲೋ ಪಾವಿನಲ್ಲೋ?" ಎಂದು ಕೆಂಚಪ್ಪ ಬಿದ್ದು ಬಿದ್ದು ನಕ್ಕ. ಮರದ ಮೇಲಿನ ಕರಿಮೂತಿಯ ಮುಸುವಗಳೂ ನಕ್ಕವು. ದೊಡ್ಡವ್ವ ನಗಲಿಲ್ಲ.

"ಹೇಗೆ ಅಳೆಯುತ್ತೀಯ ಮಗಳೇ?"

"ಪ್ರತಿ ಬೇಸಿಗೆ ಅಳೆಯುತ್ತಿದ್ದೆವು ದೊಡ್ಡವ್ವ. ಮರಿಗಳಿಗೆ ಈಜು ಕಲಿಸುವ ಮೊದಲು ಎಲ್ಲಿ ನೀರಿನ ಓಟ ಎಷ್ಟು ಅಂತ ಗೊತ್ತಿರಬೇಕಲ್ಲ. ಒಂದು ಕಡ್ಡಿಯನ್ನು ನನ್ನ ಬಾಲದ ಉದ್ದಕ್ಕೆ ಮುರಿದುಕೊಂಡು ಅಗಲ ಅಳೆಯುವುದು, ಮುಳುಗಿ ಆಳ ಅಳೆಯುವುದು. ಆಮೇಲೆ ಒಬ್ಬರು ಮೇಲೆ ನಿಂತು ಮುತ್ತುಗದ ಹೂವನ್ನು ನೀರಿಗೆ ಬಿಡುವುದು. ಅತ್ತಿಮರದಲ್ಲಿ ಕಂಚುಕುಟಿಗ ಹಕ್ಕಿ ಕೂಗುತ್ತಿರುತ್ತದಲ್ಲ, ಟೊಂಕ್ ಟೊಂಕ್ ಅಂತ, ಒಂದೇ ಸಮನೆ. ಅದು ಹತ್ತು ಸಲ ಕೂಗುವಷ್ಟರಲ್ಲಿ ಹೂವು ಎಲ್ಲಿಗೆ ಬಂತು ಅಂತ ಇನ್ನೊಬ್ಬರು ಕೆಳಗೆ ನಿಂತು ಗುರುತು ಹಾಕುವುದು."

ಇಷ್ಟು ಹೇಳಿದ ಮೇಲೆ ಬಾಯಿಂದ ಬಂದ ಮಾತು ಅವಳಿಗೇ ಈಗ ಕೇಳಿಸಿತು. ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ. ಮೇಲೆ ನಿಲ್ಲುತ್ತಿದ್ದವನು ಬೋರಣ್ಣ.

"ನೀನೇ ಬಿಟ್ಟು ನೀನೇ ಹಿಂದೆ ಈಜು" ಎಂದ ಕೆಂಚಪ್ಪ.

"ನಾನು ಈಜಿದರೆ ನೀರು ಕದಡುತ್ತದೆ. ಹೂವಿನ ಓಟ ಕೆಡುತ್ತದೆ."

"ಹಾಗಾದರೆ ಅಳತೆ ಆಗುವುದಿಲ್ಲ ಅನ್ನು. ದೊಡ್ಡವ್ವ, ಬಿಸಿಲೇರುತ್ತಿದೆ. ಇವಳು ಹೊರಡುವುದಾದರೆ ಈಗಲೇ ಹೊರಡುವುದು ಒಳ್ಳೆಯದು."

ಯಾರೂ ಮುಂದೆ ಬರಲಿಲ್ಲ. ಕಳ್ಳಿ ಎನ್ನಿಸಿಕೊಂಡವಳ ಜೊತೆ ನಿಲ್ಲುವುದು ಯಾರಿಗೆ ಬೇಕು? ಜಿಂಕೆಗಳು ತಮ್ಮ ಗೊರಸು ನೋಡಿಕೊಂಡವು. ಗುಡುಗಯ್ಯ ನೆಲ ಮೂಸಿದ.

"ಹೂವು ನಾನು ಬಿಡುತ್ತೇನೆ."

ಎಲ್ಲರೂ ತಿರುಗಿ ನೋಡಿದರು. ನೀರಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದ ಬೂದುಬಕ ಮಾತಾಡಿತ್ತು. ಅದನ್ನು ಎಲ್ಲರೂ ಬೂದಜ್ಜ ಎನ್ನುತ್ತಿದ್ದರು. ಅವನ ದನಿ ಕೇಳಿ ಒಂದು ವರ್ಷವಾಗಿತ್ತೇನೋ. ಸಿರಿಯಕ್ಕನಿಗೂ ಅವನಿಗೂ ಸ್ನೇಹವೇನೂ ಇರಲಿಲ್ಲ. ಒಂದೇ ಮೀನಿಗೆ ಇಬ್ಬರೂ ಬಾಯಿ ಹಾಕಿ ಎಷ್ಟೋ ಸಲ ಜಗಳವಾಡಿದ್ದರು.

"ನಿನಗೆ ಬರುತ್ತದೆಯೇ ಅಜ್ಜ?" ಎಂದಳು ಸಿರಿಯಕ್ಕ.

"ಇಷ್ಟು ವರ್ಷ ಇಲ್ಲೇ ನಿಂತು ನೋಡಿಲ್ಲವೇ? ಬೋರ ಹೂವನ್ನು ನೀರಿಗೆ ತಾಗಿಸಿ, ಸುಮ್ಮನೆ ಕೈ ತೆಗೆಯುತ್ತಿದ್ದ. ತಳ್ಳುತ್ತಿರಲಿಲ್ಲ. ತಳ್ಳಿದರೆ ಲೆಕ್ಕ ತಪ್ಪುತ್ತದೆ ಅಂತ ನೀನೇ ಒಮ್ಮೆ ಬೈದಿದ್ದೆ. ಮೂರು ಸಲ ಬಿಡಬೇಕು. ಮೂರೂ ಒಂದೇ ಬಂದರೆ ಮಾತ್ರ ಲೆಕ್ಕ."

ಸಿರಿಯಕ್ಕ ಬೋರಣ್ಣನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಬಹಳ ದಿನವಾಗಿತ್ತು.

"ಹೌದು ಅಜ್ಜ. ತಳ್ಳಬಾರದು" ಎಂದಳು.

ಹೊತ್ತು ನೆತ್ತಿಗೆ ಬಂತು. ಬಿಸಿಲಿಗೆ ಪ್ರಾಣಿಗಳೆಲ್ಲ ನೆರಳು ಸೇರಿದ್ದವು. ನೀರು ಕುಡಿಯುವವರು ಯಾರೂ ಇರಲಿಲ್ಲ. ಅಳೆಯಲು ಅದೇ ಸರಿಯಾದ ಹೊತ್ತು. ಅತ್ತಿಮರದಲ್ಲಿ ಕಂಚುಕುಟಿಗ ಶುರುಮಾಡಿತು. ಟೊಂಕ್, ಟೊಂಕ್, ಟೊಂಕ್.

ಸಿರಿಯಕ್ಕ ಮರಿಗಳ ಮೇಲೆ ಒಣಹುಲ್ಲು ಹೊದಿಸಿ, ಮೊದಲು ಕಲ್ಲುಗಂಟಲಿಗೆ ಹೋದಳು. ಉಳಿದವರೂ ನೆರಳು ಬಿಟ್ಟು ಹಿಂದೆ ಹೋದರು. ಅಲ್ಲಿ ಹೊಳೆಯ ಅಗಲ ಎರಡು ಬಾಲ, ಆಳ ಮೂರು ಬಾಲ. ಮೇಲಿನ ಕಲ್ಲಿನ ಮೇಲೆ ನಿಂತು ಬೂದಜ್ಜ ಕೊಕ್ಕಿನಿಂದ ಕೆಂಪು ಹೂವನ್ನು ನೀರಿಗೆ ತಾಗಿಸಿದ.

"ಬಿಟ್ಟೆ!"

ಹೂವು ಹಾರಿದಂತೆ ಬಂತು. ಹತ್ತನೆಯ ಟೊಂಕಿಗೆ ಸಿರಿಯಕ್ಕ ದಂಡೆಯಲ್ಲಿ ಗುರುತು ಹಾಕಿದಳು. ಹನ್ನೆರಡು ಬಾಲ. ಎರಡನೆಯ ಸಲವೂ ಹನ್ನೆರಡು. ಮೂರನೆಯ ಸಲವೂ ಹನ್ನೆರಡು.

"ಈಗ ಕಲ್ಲು ಬೇಕು" ಎಂದಳು. ಮುಸುವಗಳು ಒಂದೇ ಅಳತೆಯ ಕಲ್ಲುಗಳನ್ನು ಆರಿಸಿ ತಂದು ಸುರಿದವು. "ಒಂದು ಕಲ್ಲು ಅಂದರೆ ಒಂದು ಬಾಲ ಉದ್ದ, ಒಂದು ಬಾಲ ಅಗಲ, ಒಂದು ಬಾಲ ಆಳದ ನೀರು ಅಂದುಕೊಳ್ಳಿ. ದೊಡ್ಡವ್ವ, ಅಗಲಕ್ಕೆ ಎರಡು ಇಡಿ. ಎತ್ತರಕ್ಕೆ ಮೂರು. ಉದ್ದಕ್ಕೆ ಹನ್ನೆರಡು. ಕಂಚುಕುಟಿಗ ಹತ್ತು ಸಲ ಕೂಗುವಷ್ಟರಲ್ಲಿ ಇಲ್ಲಿ ಹಾದುಹೋದ ನೀರು ಇಷ್ಟು."

ದೊಡ್ಡವ್ವ ಸೊಂಡಿಲಿನಿಂದ ಒಂದೊಂದಾಗಿ ಜೋಡಿಸಿದಳು. ಉದ್ದನೆಯ ಸಪೂರ ಗೋಡೆಯೊಂದು ಎದ್ದಿತು. ಮುಸುವಗಳು ಎಣಿಸಿದವು. ಎಪ್ಪತ್ತೆರಡು ಕಲ್ಲು.

"ಈ ಎಪ್ಪತ್ತೆರಡನ್ನೇ ಕೆಳಗೆ ತನ್ನಿ. ಒಂದು ಹೆಚ್ಚೂ ಬೇಡ, ಒಂದು ಕಡಮೆಯೂ ಬೇಡ."

ಹೊಳೆಮತ್ತಿಯ ತಿರುವಿಗೆ ಬಂದರು. ಸಿರಿಯಕ್ಕ ಬೇಕೆಂದೇ ತನ್ನ ಬಿಲ ದಾಟಿದ ಮೇಲಿನ ಜಾಗ ಹಿಡಿದಳು. ಅಲ್ಲಿ ಹೊಳೆ ಅಗಲವಾಗಿತ್ತು, ಆರು ಬಾಲ. ಆಳ ಮೂರು. ಹೂವು ಈಗ ಅಲೆದಾಡಲು ಬಂದವರ ಹಾಗೆ ಬಂತು. ಹತ್ತು ಟೊಂಕಿಗೆ ನಾಲ್ಕೇ ಬಾಲ.

"ನೋಡಿದಿರಾ! ಹನ್ನೆರಡು ಇದ್ದದ್ದು ನಾಲ್ಕಾಯಿತು!" ಎಂದು ಕೆಂಚಪ್ಪ ಕುಣಿದ.

"ಕಲ್ಲು ಜೋಡಿಸಲಿ, ಆಮೇಲೆ ಕುಣಿ" ಎಂದ ಬೂದಜ್ಜ.

ದೊಡ್ಡವ್ವ ಅಗಲಕ್ಕೆ ಆರು, ಎತ್ತರಕ್ಕೆ ಮೂರು, ಉದ್ದಕ್ಕೆ ನಾಲ್ಕು ಇಟ್ಟಳು. ಈ ಸಲ ಗೋಡೆ ಮೋಟಾಗಿ, ದಪ್ಪವಾಗಿ ಎದ್ದಿತು. ಕೊನೆಯ ಮೂಲೆಗೆ ಕೊನೆಯ ಕಲ್ಲು ಸರಿಯಾಗಿ ಕೂತಿತು. ಒಂದೂ ಉಳಿಯಲಿಲ್ಲ. ಒಂದೂ ಸಾಲದೆ ಬರಲಿಲ್ಲ.

ಗುಡುಗಯ್ಯ ಗೋಡೆಯ ಸುತ್ತ ಎರಡು ಸುತ್ತು ಬಂದ. "ಅಲ್ಲ ಕಣಕ್ಕ, ಅಲ್ಲಿ ಅಷ್ಟು ಜೋರಿತ್ತಲ್ಲ?"

"ಜೋರು ಅಂದರೆ ಓಟ ಗುಡುಗಯ್ಯ. ಓಟವೇ ಬೇರೆ, ನೀರೆಷ್ಟು ಅನ್ನುವುದೇ ಬೇರೆ. ನಮ್ಮ ದೊಡ್ಡವ್ವನ ಹಿಂಡು ಇಕ್ಕಟ್ಟು ಕಣಿವೆಯಲ್ಲಿ ಹೇಗೆ ಬರುತ್ತದೆ? ಒಬ್ಬರ ಹಿಂದೆ ಒಬ್ಬರು, ಬಿರಬಿರನೆ. ಹಿಂದಿನವರು ತಳ್ಳುತ್ತಾರೆ, ಮುಂದಿನವರು ನಿಲ್ಲುವ ಹಾಗಿಲ್ಲ. ಬಯಲಿಗೆ ಬಂದ ಮೇಲೆ ಹರಡಿಕೊಂಡು ನಿಧಾನವಾಗಿ ನಡೆಯುತ್ತಾರೆ. ಅಷ್ಟಕ್ಕೆ ಆನೆಗಳು ಕಡಮೆಯಾದವೇ?"

"ಇಲ್ಲ" ಎಂದಳು ದೊಡ್ಡವ್ವ. "ನಾನು ಎಣಿಸುತ್ತಿರುತ್ತೇನೆ. ಅಷ್ಟೇ ಇರುತ್ತವೆ." ಆಮೇಲೆ ಸೊಂಡಿಲನ್ನು ಸಿರಿಯಕ್ಕನ ಬೆನ್ನ ಮೇಲಿಟ್ಟಳು. "ನಿನ್ನ ಬಿಲ ನೀರು ಕುಡಿದಿಲ್ಲ ಮಗಳೇ. ಹೋಗು, ಮರಿಗಳನ್ನು ನೋಡಿಕೋ."

"ಮುಗಿಯಿತಲ್ಲ, ಒಳ್ಳೆಯದಾಯಿತು" ಎಂದ ಕೆಂಚಪ್ಪ ಬೇಗಬೇಗ. "ನನ್ನದೇ ತಪ್ಪು, ಬಿಡಿ. ಮಡುವಿನ ನೀರನ್ನು ಬಿಸಿಲು ಕುಡಿದಿರಬೇಕು. ಎಲ್ಲರೂ ನೆರಳಿಗೆ ಹೋಗೋಣ."

ಸಿರಿಯಕ್ಕ ಹೋಗಬಹುದಿತ್ತು. ಬಿಲದೊಳಗಿಂದ ಮರಿಗಳ ಕೀರಲು ದನಿ ಕೇಳುತ್ತಿತ್ತು. ಆದರೆ ಅರ್ಧ ಅಳತೆಗೆ ನಿಲ್ಲಿಸುವುದು ಅವಳಿಂದ ಆಗದು. ಮಡು ಇಳಿದಿರುವುದು ಸುಳ್ಳಲ್ಲ. ಮೇಲೆ ನೀರು ಹಿಂದಿನ ಬೇಸಿಗೆಯಷ್ಟೇ ಇದ್ದು ಕೆಳಗೆ ಇಳಿದಿದ್ದರೆ, ನಡುವೆ ಏನೋ ಆಗಿದೆ.

"ಇನ್ನೊಂದು ಜಾಗ ಉಳಿದಿದೆ ದೊಡ್ಡವ್ವ. ಮಡುವಿನ ಬಾಯಿ" ಎಂದಳು.

ಒಳಗೆ ಹೋಗಿ ಮರಿಗಳನ್ನು ಒಮ್ಮೆ ನೆಕ್ಕಿ, ಹಾಲು ಕುಡಿಸಿ ಮಲಗಿಸಿ ಬಂದಳು. ಎಲ್ಲರೂ ಕಲ್ಲು ಹೊತ್ತು ಕೆಳಗಿಳಿದರು. ಮಡುವಿನ ಬಾಯಲ್ಲಿ ಅಗಲ ಒಂಬತ್ತು ಬಾಲ, ಆಳ ಎರಡು. ಬೂದಜ್ಜ ಹೂವು ಬಿಟ್ಟ. ಸಿರಿಯಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದಳು. ಇಲ್ಲಿ ಹೂವು ನಾಲ್ಕು ಬಾಲ ಬರಬೇಕು. ಬಂದದ್ದು ಮೂರು. ಮತ್ತೆ ಬಿಡಿಸಿದಳು. ಮೂರು. ಇನ್ನೊಮ್ಮೆ. ಮೂರೇ.

ದೊಡ್ಡವ್ವ ಅಗಲಕ್ಕೆ ಒಂಬತ್ತು, ಎತ್ತರಕ್ಕೆ ಎರಡು, ಉದ್ದಕ್ಕೆ ಮೂರು ಇಟ್ಟಳು. ಗೋಡೆ ಮುಗಿಯಿತು. ನೆಲದ ಮೇಲೆ ಕಲ್ಲು ಉಳಿದವು. ಮುಸುವಗಳು ಎಣಿಸಿ ಹೇಳಿದವು, ಹದಿನೆಂಟು.

ನಾಲ್ಕು ಪಾಲು ನೀರಿನಲ್ಲಿ ಒಂದು ಪಾಲು ನೆಲದ ಮೇಲೆ ಕಲ್ಲಾಗಿ ಬಿದ್ದಿತ್ತು.

ಕೆಂಚಪ್ಪನ ಕಿವಿ ನೆಟ್ಟಗಾಯಿತು. "ಅಯ್ಯೋ ನೋಡಿ! ಅವಳ ಅಳತೆಯಿಂದಲೇ ಹೊರಗೆ ಬಂತು! ಬಿಲ ಅಲ್ಲಿದ್ದರೇನು? ಈಜುವವಳಿಗೆ ಇಲ್ಲಿಗೆ ಬಂದು ಕದಿಯುವುದು ಎಷ್ಟು ಹೊತ್ತಿನ ಕೆಲಸ? ಇಷ್ಟು ಸರಿಯಾಗಿ ಲೆಕ್ಕ ಗೊತ್ತಿರುವವಳು ಈ ಕಾಡಿನಲ್ಲಿ ಬೇರೆ ಯಾರಿದ್ದಾರೆ?"

ಜಿಂಕೆಗಳು ಸಿರಿಯಕ್ಕನಿಂದ ಎರಡು ಹೆಜ್ಜೆ ಹಿಂದೆ ಸರಿದವು. ಗುಡುಗಯ್ಯ ತಲೆ ಕೆರೆದುಕೊಂಡ. ದೊಡ್ಡವ್ವ ಗಂಭೀರವಾಗಿ ಕೇಳಿದಳು:

"ಸಿರಿ, ಈ ಹದಿನೆಂಟು ಎಲ್ಲಿ?"

"ಗೊತ್ತಿಲ್ಲ ದೊಡ್ಡವ್ವ. ಆದರೆ ಎಲ್ಲೋ ಇದೆ. ನೀರು ದಾರಿಯಲ್ಲಿ ಇಲ್ಲವಾಗುವುದಿಲ್ಲ. ನನ್ನ ತಿರುವಿನವರೆಗೂ ಎಪ್ಪತ್ತೆರಡು ಬಂದಿದೆ. ಇಲ್ಲಿಗೆ ಐವತ್ತನಾಲ್ಕು ಬಂದಿದೆ. ಈ ನಡುವಿನಲ್ಲೇ ಉಳಿದದ್ದು ಹೊರಗೆ ಹೋಗಿದೆ. ಕೇದಗೆಯ ಮೆಳೆಯ ಮೇಲೆ ಒಮ್ಮೆ, ಕೆಳಗೆ ಒಮ್ಮೆ ಅಳೆದರೆ ಜಾಗ ಸಿಕ್ಕುತ್ತದೆ."

"ಹೂವು ಮುಗಿದಿದೆ. ತರುತ್ತೇನೆ" ಎಂದು ಬೂದಜ್ಜ ಮುತ್ತುಗದ ಮರದ ಕಡೆಗೆ ಹಾರಿದ.

"ನನಗೂ ಗಂಟಲು ಒಣಗಿದೆ. ಒಂದು ಗುಟುಕು ಕುಡಿದು ಬಂದೆ" ಎಂದು ಕೆಂಚಪ್ಪನೂ ಎದ್ದ. ಮಡು ಮುಂದೆಯೇ ಇತ್ತು. ಅವನು ಬೇರೆ ಕಡೆಗೆ ಹೋದದ್ದನ್ನು ಆ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ.

ಸಿರಿಯಕ್ಕ ನೀರಿನ ಅಂಚಿನಲ್ಲಿ ಕೂತಳು. ಎಲ್ಲರ ಕಣ್ಣು ಅವಳ ಮೇಲಿತ್ತು. ಎಲ್ಲಿ ತಪ್ಪಿದೆ ಎಂದು ಅವಳು ಮತ್ತೆ ಮತ್ತೆ ಯೋಚಿಸಿದಳು. ಕಡ್ಡಿ ಬಾಗಿತ್ತೇ? ಎಣಿಕೆ ತಪ್ಪಿತೇ? ತಪ್ಪಿದ್ದರೆ ಇವತ್ತು ಸಂಜೆಯೊಳಗೆ ಬೋಳುಗುಡ್ಡ. ಯಾವ ಮರಿಯನ್ನು ಮೊದಲು ಎತ್ತಿಕೊಳ್ಳುವುದು? ಆ ಪ್ರಶ್ನೆ ಬಂದೊಡನೆ ಅವಳು ಎದ್ದು ನಿಂತಳು. ಬೂದಜ್ಜ ಹೂವಿನೊಂದಿಗೆ ಬಂದಿದ್ದ.

"ಅಜ್ಜ, ಮುಂದೆ ಹೋಗುವ ಮೊದಲು ಇಲ್ಲೇ ಇನ್ನೊಂದು ಸಲ ಬಿಡು. ನನ್ನ ಮೇಲೆ ನನಗೇ ಅನುಮಾನ."

"ಬಿಟ್ಟೆ!"

ಎಂಟು. ಒಂಬತ್ತು. ಹತ್ತು. ಹೂವು ಮೂರನೆಯ ಗುರುತು ದಾಟಿ ನಾಲ್ಕಕ್ಕೆ ಬಂದು ನಿಂತಿತು.

ಸಿರಿಯಕ್ಕ ಕಣ್ಣುಜ್ಜಿಕೊಂಡಳು. "ತಳ್ಳಿದೆಯಾ ಅಜ್ಜ?"

"ನಾನೇ?" ಎಂದು ಬೂದಜ್ಜ ಕತ್ತು ನೆಟ್ಟಗೆ ಮಾಡಿದ. ಅವನಿಗೆ ನಿಜವಾಗಿ ನೋವಾಗಿತ್ತು.

ಮತ್ತೆ ಬಿಟ್ಟರು. ನಾಲ್ಕು. ಮತ್ತೆ, ನಾಲ್ಕು. ಮುಳುಗಿ ಆಳ ನೋಡಿದಳು, ಎರಡೇ ಇತ್ತು. ದೊಡ್ಡವ್ವ ಗೋಡೆಯ ತುದಿಗೆ ಉಳಿದ ಕಲ್ಲುಗಳನ್ನು ಇಡುತ್ತಾ ಹೋದಳು. ಹದಿನೆಂಟೂ ಸರಿಯಾಗಿ ಕೂತವು.

"ಕಳೆದುಹೋದ ನೀರು ತಾನಾಗಿ ತಿರುಗಿ ಬಂತು" ಎಂದಳು ದೊಡ್ಡವ್ವ ನಿಧಾನವಾಗಿ. "ಸಿರಿ ನಮ್ಮ ಕಣ್ಣೆದುರಿನಿಂದ ಅಲುಗಿಲ್ಲ. ಹಾಗಾದರೆ ಬಿಟ್ಟುಕೊಟ್ಟವರು ಯಾರು? ಇಲ್ಲಿ ಯಾರಿಲ್ಲ?"

ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟರಲ್ಲಿ ಕೇದಗೆಯ ಮೆಳೆಯಿಂದ "ಅಯ್ಯಯ್ಯಪ್ಪೋ!" ಎಂಬ ಕೂಗು ಕೇಳಿತು.

ಓಡಿ ಹೋಗಿ ನೋಡಿದರು. ಮೆಳೆಯ ನಡುವೆ ಕೆಂಚಪ್ಪ ಮೂತಿಯವರೆಗೆ ಕೆಸರು ಮೆತ್ತಿಕೊಂಡು ಸಿಕ್ಕಿಬಿದ್ದಿದ್ದ. ಕೇದಗೆಯ ಗರಿಗಳ ಮುಳ್ಳು ಅವನ ಬೆನ್ನಿಗೂ ಬಾಲಕ್ಕೂ ಕಚ್ಚಿಕೊಂಡಿದ್ದವು. ಅತ್ತ ಎಳೆದರೆ ಇತ್ತ ಚುಚ್ಚುತ್ತಿತ್ತು. ಅವನ ಕಾಲ ಬುಡದಲ್ಲಿ, ಹೊಳೆಯ ದಂಡೆ ಕೊರೆದು ಮಾಡಿದ ಕಾಲುವೆಯೊಂದರ ಬಾಯಿತ್ತು. ಆ ಬಾಯಿಗೆ ಅವನು ಈಗಷ್ಟೇ ಕಲ್ಲುರುಳಿಸಿ, ಕೆಸರು ಮೆತ್ತಿ ಮುಚ್ಚಿದ್ದ. ಮೆಳೆಯ ಹಿಂದೆ, ಕಾಲುವೆಯ ಆ ತುದಿಯಲ್ಲಿ ಒಂದು ಗುಟ್ಟಿನ ಗುಂಡಿ. ಗುಂಡಿಯ ತುಂಬ ಹೊಳೆಯಿಂದ ಬಂದು ಸಿಕ್ಕಿಬಿದ್ದ ಮೀನು. ಗುಂಡಿ ತುಂಬಿ ಹೆಚ್ಚಾದ ನೀರು ಆಚೆಯ ಮರಳಿನಲ್ಲಿ ಇಂಗಿ ಹೋಗುತ್ತಿತ್ತು.

"ಏನಪ್ಪ ಇದು ಕೆಂಚಪ್ಪ?" ಎಂದಳು ದೊಡ್ಡವ್ವ.

"ಅದು... ಮೀನುಗಳಿಗೆ ಬಾಯಾರಿಕೆಯಾಗಿತ್ತು ದೊಡ್ಡವ್ವ. ಸ್ವಲ್ಪ ನೀರು ಕೊಟ್ಟೆ."

"ಮೀನಿಗೆ ಬಾಯಾರಿಕೆ!" ಎಂದು ಗುಡುಗಯ್ಯ ಎಷ್ಟು ಗಟ್ಟಿಯಾಗಿ ನಕ್ಕನೆಂದರೆ ಅತ್ತಿಮರದ ಕಂಚುಕುಟಿಗ ಕೂಗುವುದನ್ನು ನಿಲ್ಲಿಸಿತು.

ಸಿರಿಯಕ್ಕ ನಗಲಿಲ್ಲ. ಹಕ್ಕಿ ಮತ್ತೆ ಕೂಗಲು ಶುರುಮಾಡುವ ತನಕ ಕಾದಳು. ಆಮೇಲೆ ಕಾಲುವೆಯ ಬಾಯನ್ನು ಒಂದೇ ಒಂದು ಸಲ ತೆಗೆಸಿ, ನೀರು ಹರಿಯಲು ಬಿಟ್ಟು ಅಳೆದಳು. ಅಗಲ ಮೂರು ಬಾಲ, ಆಳ ಒಂದು, ಹೂವಿನ ಓಟ ಆರು.

"ಹದಿನೆಂಟು" ಎಂದಳು.

ದೊಡ್ಡವ್ವ ಗುಂಡಿಯಿಂದ ಮಡುವಿಗೆ ಕಾಲಿನಿಂದ ಒಂದು ದಾರಿ ಕೊರೆದಳು. ಮೀನುಗಳೆಲ್ಲ ನೀರಿನೊಂದಿಗೆ ಮಡು ಸೇರಿದವು. ಆಮೇಲೆ ಕಾಲುವೆಯ ಬಾಯಿಗೆ ಎಪ್ಪತ್ತೆರಡು ಕಲ್ಲುಗಳನ್ನೂ ಹಾಕಿ ಭದ್ರವಾಗಿ ಮುಚ್ಚಿಸಿದಳು. ಕೊನೆಗೆ ಕೆಂಚಪ್ಪನನ್ನು ಸೊಂಡಿಲಿನಿಂದ ಎತ್ತಿ ಹೊರಗಿಟ್ಟಳು. ಅವನ ಬಾಲದ ಅರ್ಧ ಕೂದಲು ಕೇದಗೆಯಲ್ಲೇ ಉಳಿಯಿತು.

"ಬೋಳುಗುಡ್ಡದ ಆಚೆ, ಮಳೆ ಬರುವ ತನಕ. ನೀನೇ ಹೇಳಿದ ಹಾಗೆ, ದೊಡ್ಡ ಶಿಕ್ಷೆಯೇನಲ್ಲ" ಎಂದಳು.

ಕೆಂಚಪ್ಪ ಗುಡ್ಡದ ಕಡೆ ನೋಡಿದ. ಬಂಡೆಗಳು ಬಿಸಿಲಿಗೆ ನಡುಗುವಂತೆ ಕಾಣುತ್ತಿದ್ದವು. ಅವನ ನಾಲಗೆ ಹೊರಗೆ ಬಿತ್ತು.

"ಈಗಲೇ ಹೊರಡು, ಏಳು!" ಎಂದು ಗುಡುಗಯ್ಯ ಕೋರೆ ತೋರಿಸಿದ.

"ತಾಳು ಗುಡುಗಯ್ಯ" ಎಂದಳು ಸಿರಿಯಕ್ಕ. "ಅರ್ಧ ದಿನದ ದಾರಿ ಅದು. ಹೊಟ್ಟೆ ತುಂಬ ಕುಡಿದು ಹೋಗಲಿ."

ಕೆಂಚಪ್ಪ ಮಡುವಿಗೆ ಬಾಯಿಟ್ಟು ಬಹಳ ಹೊತ್ತು ಕುಡಿದ. ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಕುಂಟುತ್ತಾ ಗುಡ್ಡ ಹತ್ತಿದ.

ದಿನದಿಂದ ದಿನಕ್ಕೆ ಮಡು ತುಂಬುತ್ತಾ ಬಂತು. ಹುಣ್ಣಿಮೆ ಕಳೆದು ಇನ್ನೊಂದು ಹುಣ್ಣಿಮೆ ಬರುವಷ್ಟರಲ್ಲಿ ಆನೆಮರಿಯ ಬೆನ್ನು ಮುಳುಗಿತು. ಸಿರಿಯಕ್ಕನ ಮರಿಗಳ ಕಾಲೂ ಗಟ್ಟಿಯಾಯಿತು. ಒಂದು ಬೆಳಗ್ಗೆ ಅವಳು ಅವೆರಡನ್ನೂ ತಿರುವಿನ ಕೆಳಗಿನ ಅಗಲವಾದ ಜಾಗಕ್ಕೆ ಕರೆತಂದಳು. ಬೂದಜ್ಜ ತನ್ನ ಪಾಡಿಗೆ ತಾನು ಎದುರು ದಂಡೆಯಲ್ಲಿ ನಿಂತಿದ್ದ. ಆದರೆ ಅವತ್ತು ಅವನು ಮೀನು ನೋಡುತ್ತಿರಲಿಲ್ಲ, ಮರಿಗಳನ್ನೇ ನೋಡುತ್ತಿದ್ದ.

ದೊಡ್ಡ ಮರಿ ಮುಂಗಾಲನ್ನು ನೀರಿಗಿಟ್ಟು ತೆಗೆಯಿತು. ಮೇಲಿನ ಕಲ್ಲುಗಂಟಲಿನಿಂದ ಭೋರೆಂಬ ಸದ್ದು ಕೇಳುತ್ತಿತ್ತು. ಇಲ್ಲಿ ಸದ್ದೇ ಇರಲಿಲ್ಲ.

"ಅವ್ವ, ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ನೀರು ಕಡಮೆಯಾಗಿಬಿಟ್ಟಿತಾ?"

"ಇಲ್ಲ ಮಗಾ" ಎಂದಳು ಸಿರಿಯಕ್ಕ. "ಎಲ್ಲ ಇಲ್ಲೇ ಇದೆ. ಅಗಲವಾಗಿದೆ, ಅದಕ್ಕೇ ಮೆಲ್ಲಗೆ ನಡೆಯುತ್ತಿದೆ. ಬಾ, ಹೆದರಬೇಡ."

ಅವಳು ಮೊದಲು ಇಳಿದು, ತನ್ನ ಮೈಯನ್ನು ಹರಿವಿಗೆ ಅಡ್ಡವಾಗಿ ಹಿಡಿದು ಕಾದಳು. ಎರಡು ಮರಿಗಳೂ ಒಂದರ ಹಿಂದೆ ಒಂದು ನೀರಿಗೆ ಬಿದ್ದವು. ಮುಳುಗಿದವು, ಎದ್ದವು, ಸೀನಿದವು. ಆಮೇಲೆ ಹೊಳೆ ಅವುಗಳನ್ನು ಎತ್ತಿ ಹಿಡಿಯಿತು.

ನೀತಿ: ನಿಧಾನವಾಗಿ ಕಂಡದ್ದೆಲ್ಲ ಕಡಮೆಯಾದದ್ದಲ್ಲ, ಒಬ್ಬರ ಮೇಲೆ ಕಳ್ಳತನ ಹೊರಿಸುವ ಮೊದಲು ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಅಳೆದು ನೋಡಬೇಕು.